ಹೆಸರು ಕೂಗುವವನು

ನನ್ನ ತಮ್ಮ ಸಾಬಣ್ಣ ಲೀಡರ್ ಆದದ್ದು ಭಾಷಣದ ಬಲದಿಂದ ಎಂದು ಪೇಪರಿನವರು ಬರೆಯುತ್ತಾರೆ. ಶುದ್ಧ ಸುಳ್ಳು. ಆಗ ಅವನಿಗೆ ಮೈಕು ಕಂಡರೇ ಬೆವರು ಕಿತ್ತುಕೊಂಡು ಬರುತ್ತಿತ್ತು. ಅವನು ಲೀಡರ್ ಆದದ್ದು ಹೆಣಗಳ ಪಕ್ಕದಲ್ಲಿ ಕೂತು. ಇದನ್ನು ಹೇಳಲು ನನಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ. ನಾನು ಗುಂಡಮ್ಮ, ಅವನ ಅಕ್ಕ. ಅವ್ವ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಹೈದರಾಬಾದಿಗೆ ಕರೆತಂದವಳು, ಅವನ ತಲೆಯ ಮೇಲೆ ಮೊದಲ ಸಿಮೆಂಟಿನ ಬುಟ್ಟಿ ಇಟ್ಟವಳು.

ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ ನಮ್ಮ ಅಡ್ಡಾ. ಕೂಲಿಯವರು ಕೆಲಸಕ್ಕೆ ಕಾಯುವ ಜಾಗಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಬೆಳಗಾಗುತ್ತಲೇ ಬುತ್ತಿ ಹಿಡಿದು ನಿಂತಿರುತ್ತಾರೆ, ಮೇಸ್ತ್ರಿಗಳು ಬಂದು ತೋಳು ನೋಡಿ ಕರೆದುಕೊಂಡು ಹೋಗುತ್ತಾರೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಅಲ್ಲೇ ಚಹಾದ ಬಂಡಿ ಇಟ್ಟೆ. ಆ ದಿನಗಳಲ್ಲೇ ನಮ್ಮ ಕಡೆಯವನೊಬ್ಬ ಕಟ್ಟಡದಿಂದ ಬಿದ್ದು ಸತ್ತ. ಗುತ್ತೇದಾರ ಹೆಣವನ್ನು ಟ್ರಾಲಿ ಆಟೊದಲ್ಲಿ ಹಾಕಿಸಿ, ಡ್ರೈವರನಿಗೆ ಊರಿನ ಹೆಸರು ಹೇಳಿ, ಜೋಳದ ಚೀಲ ಕಳಿಸಿದ ಹಾಗೆ ಕಳಿಸುತ್ತಿದ್ದ. ಸಾಬ ಎಲ್ಲಿದ್ದನೋ, ಓಡಿಬಂದು ಹಿಂದೆ ಹತ್ತಿ, ಹೆಣದ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟ. ಊರಿನಲ್ಲಿ ತಾಯಿಯ ಕೈಗೆ ಒಪ್ಪಿಸಿ, ಮಣ್ಣು ಮಾಡಿಯೇ ತಿರುಗಿ ಬಂದ.

ಆಮೇಲೆ ಅದೇ ರೂಢಿಯಾಯಿತು. ಅಡ್ಡಾದವರು ಯಾರು ಸತ್ತರೂ ಸಾಬ ಆಸ್ಪತ್ರೆಯ ಶವಾಗಾರಕ್ಕೆ ಹೋಗಬೇಕು. ಮುಖದ ಬಟ್ಟೆ ಸರಿಸಿ ನೋಡಿ, ಸತ್ತವನ ಹೆಸರು, ಅಪ್ಪನ ಹೆಸರು, ಊರು ಮೂರನ್ನೂ ಹೊರಗಿನವರಿಗೆ ಕೇಳುವಂತೆ ಕೂಗಬೇಕು. ಅವನು ಕೂಗಿದ ಮೇಲೆಯೇ ಹೆಣ ಹೊರಗೆ ಬರುವುದು, ಅಳು ಶುರುವಾಗುವುದು. ಪರವೂರಲ್ಲಿ ಅನಾಥನಂತೆ ಸತ್ತವನಿಗೆ ಅಷ್ಟಾದರೂ ಮರ್ಯಾದೆ ಸಿಗುತ್ತಿತ್ತು. ಪೊಲೀಸರೂ ಇದಕ್ಕೆ ಒಗ್ಗಿಹೋಗಿ, ಸಾಬಣ್ಣ ಹೆಸರು ಹೇಳಿದನೆಂದರೆ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅಡ್ಡಾದ ಅಷ್ಟೂ ಜನರ ಹೆಸರು, ಊರು, ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಯಾರ ಅಪ್ಪನಿಗೆ ದಮ್ಮು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಹೆಂಗಸರನ್ನು ಮಾತ್ರ ಶವಾಗಾರದ ಒಳಗೆ ಬಿಡುತ್ತಿರಲಿಲ್ಲ. ನಾವು ಹೊರಗೆ ಕೂತು ಅವನ ದನಿಗೆ ಕಾಯುತ್ತಿದ್ದೆವು.

ಆ ದನಿಗೇ ಜನ ವೋಟು ಹಾಕಿದರು. ಮೊದಲು ಸಂಘವಾಯಿತು, ಆಮೇಲೆ ದುಡಿಯುವವರ ಪಕ್ಷವಾಯಿತು. ಸಾಬ ಕಾರ್ಪೊರೇಟರ್ ಆದ, ಪಕ್ಷದ ಅಧ್ಯಕ್ಷನಾದ. ಮುಂದಿನ ಚುನಾವಣೆಯಲ್ಲಿ ಪಕ್ಷಕ್ಕೆ ಬೆರಳೆಣಿಕೆಯ ಸೀಟು ಬಂದವು, ಆದರೆ ಮೇಯರ್ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಆ ಸೀಟುಗಳ ಮೇಲೇ ನಿಂತಿತು. ನೋಡನೋಡುತ್ತ ಬೇಗಂಪೇಟೆಯಲ್ಲಿ ಗಾಜಿನ ಬಾಗಿಲಿನ ಆಫೀಸು ಬಂತು, ಬಿಳಿ ಕಾರು ಬಂತು, ಹೋದಲ್ಲೆಲ್ಲ ವಿಡಿಯೊ ತೆಗೆಯಲು ವೈಭವ ಎಂಬ ಪಿ.ಎ. ಬಂದ. ಸಾಬ ತೆಲುಗಿನಲ್ಲೂ ಉರ್ದುವಿನಲ್ಲೂ ಭಾಷಣ ಬಿಗಿಯಲು ಕಲಿತ. ನಾನು ಎದೆಯುಬ್ಬಿಸಿಕೊಂಡು ತಿರುಗಿದೆ, ಯಾಕೆ ಸುಳ್ಳು ಹೇಳಲಿ. ಬಂಡಿಗೆ ಬಂದವರಿಗೆಲ್ಲ ಅವನ ಫೋಟೊ ತೋರಿಸುತ್ತಿದ್ದೆ.

ಅಡ್ಡಾಕ್ಕೆ ಬರುವುದನ್ನು ಮಾತ್ರ ಅವನು ಬಿಟ್ಟ. ಯಾರಾದರೂ ಸತ್ತರೆ ವೈಭವನ ಕೈಯಲ್ಲಿ ಪಕ್ಷದ ಬಾವುಟ, ಹೂವಿನ ಹಾರ ಕಳಿಸುತ್ತಿದ್ದ. ಕೇಳಿದ್ದಕ್ಕೆ, ಒಂದು ಹೆಣದ ಹಿಂದೆ ಊರೂರು ತಿರುಗಿದರೆ ಬದುಕಿದ್ದವರ ಕೆಲಸ ಯಾರು ಮಾಡುತ್ತಾರೆ ಎಂದು ನನಗೇ ಬುದ್ಧಿ ಹೇಳಿದ. ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ, ಒಪ್ಪಿಕೊಳ್ಳಲೂ ಆಗಲಿಲ್ಲ. ಅಡ್ಡಾದವರು ಗೊಣಗತೊಡಗಿದರು. ಪಕ್ಷದ ಉಪಾಧ್ಯಕ್ಷ ವಿಜಯಕುಮಾರ, ಕಾಚಿಗೂಡದ ಬಟ್ಟೆ ಅಂಗಡಿಯವರ ಮನೆಯವನು, ಆ ಗೊಣಗಾಟಕ್ಕೆ ಚೆನ್ನಾಗಿ ಗಾಳಿ ಹಾಕಿದ. ಸಾಬಣ್ಣನಿಗೆ ಈಗ ಅಡ್ಡಾದ ನಾಲ್ಕು ಜನರ ಹೆಸರೂ ಗೊತ್ತಿಲ್ಲ ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೆ ಅಧ್ಯಕ್ಷ ಯಾರಾಗಬೇಕೆಂದು ತೀರ್ಮಾನಿಸಲು ಭಾನುವಾರ ಪಕ್ಷದ ಸಭೆ ಕರೆದರು. ಅದೇ ವಾರದ ಶುಕ್ರವಾರ ಊರಾಚೆಯ ಒಂದು ಕಟ್ಟಡದಲ್ಲಿ ಸ್ಲ್ಯಾಬ್ ಕುಸಿಯಿತು.

ಅಡಿಯಲ್ಲಿ ಸಿಕ್ಕವರು ಐದು ಜನ. ನಾಲ್ವರು ಸತ್ತಿದ್ದರು, ಒಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ಮೂರು ಹೆಣಗಳನ್ನು ಅವರವರ ಅಣ್ಣತಮ್ಮಂದಿರು ಗುರುತಿಸಿದರು. ನಾಲ್ಕನೆಯದರ ಮುಖ ಜಜ್ಜಿಹೋಗಿತ್ತು. ಮೇಸ್ತ್ರಿ ಓಡಿಹೋಗಿದ್ದ. ಉಳಿದ ಹೆಸರು ಎರಡೇ: ನಮ್ಮ ಶಹಾಪುರದ ಕಡೆಯ ಹಂಪಯ್ಯ, ನಾಂದೇಡ ಕಡೆಯ ಮಿಲಿಂದ. ಇಬ್ಬರದೂ ರಾಡ್ ಕಟ್ಟುವ ಕೆಲಸ, ಒಂದೇ ವಯಸ್ಸು, ಒಂದೇ ಮೈಕಟ್ಟು. ಸತ್ತವನು ಇವರಲ್ಲಿ ಯಾರು, ಆಸ್ಪತ್ರೆಯಲ್ಲಿ ಉಸಿರಾಡುತ್ತಿರುವವನು ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಆಪರೇಷನ್ ಕೋಣೆಗೆ ಒಯ್ದಿದ್ದರು, ಮುಖ ನೋಡಲೂ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಹಂಪಯ್ಯ ದಿನಾ ನನ್ನ ಬಂಡಿಯಲ್ಲಿ ಚಹಾ ಕುಡಿದೇ ಕೆಲಸಕ್ಕೆ ಹೋಗುತ್ತಿದ್ದವನು. ಹೆಂಡತಿ ಶಿವದೇವಿ ಚೊಚ್ಚಲ ಬಾಣಂತನಕ್ಕೆ ಊರಿಗೆ ಹೋಗಿದ್ದಳು, ಅವಳ ತವರೂ ಗಂಡನ ಊರೂ ಒಂದೇ. ಅದಕ್ಕೂ ಮುಂಚೆ ಆ ಹುಡುಗಿಯೂ ನನ್ನ ಬಂಡಿಯ ಹತ್ತಿರವೇ ಇಟ್ಟಿಗೆ ಹೊರಲು ನಿಲ್ಲುತ್ತಿದ್ದಳು, ದೊಡ್ಡವ್ವಾ ಎಂದು ಕರೆಯುತ್ತಿದ್ದಳು. ಹೆಣ್ಣು ಹುಟ್ಟಿದರೆ ನಿನ್ನ ಹೆಸರೇ ಇಡುತ್ತೇವೆ ಎಂದು ಹಂಪಯ್ಯ ನನ್ನನ್ನು ಚೇಷ್ಟೆ ಮಾಡುತ್ತಿದ್ದ. ನನ್ನ ಹೆಸರು ಇಟ್ಟರೆ ಅದಕ್ಕೆ ಗಂಡೇ ಸಿಗುವುದಿಲ್ಲ ಕಣೋ ಎಂದು ನಾನು ಬೈಯುತ್ತಿದ್ದೆ. ಅವತ್ತು ಶವಾಗಾರದ ಹೊರಗೆ ಕೂತು ನಾನು ದೇವರಲ್ಲಿ ಕೇಳಿಕೊಂಡದ್ದು ಕೆಟ್ಟ ಬೇಡಿಕೆ. ಅವನಾಗದಿರಲಿ ಎಂದರೆ ಮಿಲಿಂದ ಆಗಲಿ ಎಂದೇ ಅರ್ಥವಲ್ಲವೇ.

ಅಷ್ಟರಲ್ಲಿ ಬಿಳಿ ಕಾರು ಬಂತು. ಟಿ.ವಿ.ಯವರು ಮುತ್ತಿಕೊಂಡರು. ಸಾಬ ಯಾರೊಂದಿಗೂ ಮಾತಾಡದೆ ಚಪ್ಪಲಿ ಬಿಟ್ಟು, ಹಳೆಯ ಸಾಬನ ಹಾಗೇ ಒಳಗೆ ಹೋದ. ಒಳಗೆ ಚೂರೂ ತಡವಾಗಲಿಲ್ಲ.

“ಹಂಪಯ್ಯ. ತಂದಿ ಭೀಮಶಪ್ಪ. ಊರು ಕೋರಗುಂಡಿ.”

ನಾನು ಎದೆ ಬಡಿದುಕೊಂಡು ಅತ್ತೆ. ಅಳುವಿನ ನಡುವೆಯೂ, ನನ್ನ ತಮ್ಮ ಮರೆತಿಲ್ಲವಲ್ಲ ಎಂದು ಒಂದು ಬಗೆಯ ಸಮಾಧಾನವಾಯಿತು. ಪೊಲೀಸರು ಹಾಗೇ ಬರೆದುಕೊಂಡರು. ಆಸ್ಪತ್ರೆಯಲ್ಲಿ ಬದುಕಿದ್ದವನು ಮಿಲಿಂದ ಎಂದಾಯಿತು.

ಮರುದಿನ ಬೆಳಿಗ್ಗೆ ಸಾಬ ತಾನೇ ಹೆಣದ ಗಾಡಿ ಹತ್ತಿದ. ಶಿವದೇವಿಗಾಗಿ ನಾನೂ ಹೋದೆ. ವೈಭವ ಬಿಳಿ ಕಾರಿನಲ್ಲಿ ಹಿಂದೆ ಬಂದ, ದಾರಿಯುದ್ದಕ್ಕೂ ವಿಡಿಯೊ ತೆಗೆಯುತ್ತ. ಪರಿಗಿ, ಕೊಡಂಗಲ್, ಗುರುಮಠಕಲ್ ದಾಟಿ ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಣದ ಸ್ಥಿತಿ ನೋಡಿ ಬಟ್ಟೆ ಬಿಚ್ಚುವುದು ಬೇಡ ಎಂದು ಹಿರಿಯರು ತೀರ್ಮಾನಿಸಿದರು. ಹೆಂಡತಿ ನಮಸ್ಕಾರ ಮಾಡಲೆಂದು ಪಾದಗಳನ್ನಷ್ಟೇ ಬಿಚ್ಚಿದರು. ಶಿವದೇವಿಯನ್ನು ಇಬ್ಬರು ಹಿಡಿದು ತಂದರು. ದಿನ ತುಂಬಿದ ಹೊಟ್ಟೆ, ಬಗ್ಗಲು ಆಗುತ್ತಿರಲಿಲ್ಲ. ಹೇಗೋ ಕುಕ್ಕರಿಸಿ ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದವಳು ಅಳು ನಿಲ್ಲಿಸಿಬಿಟ್ಟಳು. ಸವರಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ದೊಡ್ಡವ್ವಾ, ಇವು ಅವರ ಕಾಲಲ್ಲ.”

ಸುತ್ತಲಿನವರು ಅಯ್ಯೋ ಪಾಪ ಎಂದರು. ದುಃಖದಲ್ಲಿ ಹೀಗೇ ಅನ್ನಿಸುತ್ತದೆ, ಸತ್ತ ಮೇಲೆ ಕಾಲು ಬಾತುಕೊಳ್ಳುತ್ತವೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅವಳು ಕೇಳಲಿಲ್ಲ. ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಇವರಲ್ಲ, ನನ್ನ ಬಳೆ ಒಡೆಯಬೇಡಿ, ಅವರು ಎಲ್ಲಿದ್ದಾರೋ ಮೊದಲು ನೋಡಿ ಎಂದು ಒಂದೇ ಸಮನೆ ಬೇಡಿದಳು. ನಾನು ಸಾಬನ ಕಡೆ ತಿರುಗಿದೆ. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನ ಮುಖ ನನಗೆ ತಿಳಿಯದೇ? ಅದು ಸುಣ್ಣದಂತೆ ಬೆಳ್ಳಗಾಗಿತ್ತು.

“ನಿಲ್ಲಸ್ರಿ,” ಎಂದೆ ನಾನು. “ಮೊದಲ ದವಾಖಾನಿಗೆ ಫೋನ್ ಹಚ್ಚಿ ಕೇಳ್ರಿ. ಆಮ್ಯಾಲ ಮಣ್ಣ ಮಾಡ್ರಿ.”

ಹಿರಿಯರು ಸಾಬನನ್ನು ನೋಡಿದರು. ವೈಭವ ಫೋನನ್ನು ಅವನ ಮುಖಕ್ಕೇ ಹಿಡಿದಿದ್ದ. ಸಾಬ ಎರಡು ಹೆಜ್ಜೆ ಮುಂದೆ ಬಂದು ಹೆಣದ ಎದೆಯ ಮೇಲೆ ಕೈಯಿಟ್ಟ.

“ನಾನಽ ಕಣ್ಣಾರೆ ನೋಡೀನ್ರಿ. ಇಂವ ನಮ್ಮ ಹಂಪಯ್ಯನಽ.”

ಅಷ್ಟು ಸಾಕಾಯಿತು. ಸಾಬಣ್ಣ ಹೆಸರು ಹೇಳಿದ ಮೇಲೆ ಯಾರು ಎದುರಾಡುತ್ತಾರೆ? ನಾನು ಕೂಗಾಡಿದೆ, ಹೆಣಕ್ಕೆ ಅಡ್ಡ ನಿಂತೆ. ಅಕ್ಕನಿಗೆ ದುಃಖ ತಡೆಯಲಾಗುತ್ತಿಲ್ಲ ಎಂದು ಸಾಬನೇ ಹೇಳಿ ನನ್ನನ್ನು ಬದಿಗೆ ಎಳೆಸಿದ. ಮುದುಕಿಯೊಬ್ಬಳು ಕಲ್ಲು ತಂದಳು. ಶಿವದೇವಿ ಮುಷ್ಟಿ ಬಿಗಿಹಿಡಿದಳು, ಬಿಡಿಸಿದರು. ಸೀಮಂತದಲ್ಲಿ ಮೊಣಕೈ ತನಕ ತೊಡಿಸಿದ್ದ ಹಸಿರು ಬಳೆಗಳನ್ನು ಒಂದೂ ಬಿಡದೆ ಒಡೆದರು. ಮಣಿಕಟ್ಟಿನಿಂದ ರಕ್ತ ಬಂತು. ಅವಳ ಅಣ್ಣ ಬಸವಕಿರಣ ಅವಳನ್ನು ಎತ್ತಿಕೊಂಡು ಒಳಗೆ ಹೋದ.

ತಿರುಗಿ ಬರುವಾಗ ಸಾಬ ನನ್ನನ್ನು ಕಾರಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡ. ಕೊಡಂಗಲ್ ದಾಟಿದ ಮೇಲೆ ಅವನೇ ಕಿಟಕಿಯಾಚೆ ನೋಡುತ್ತ ಹೇಳಿದ.

“ಅಕ್ಕಾ, ಆ ಹಂಪಯ್ಯನ ಮುಖಾನ ನನಗ ನೆನಪಿಲ್ಲ.”

ಒಂದೊಂದಾಗಿ ಬಾಯಿಬಿಟ್ಟ. ಶವಾಗಾರಕ್ಕೆ ಬರುವಾಗ ವೈಭವ ಕಾರಿನಲ್ಲೇ ಎರಡೂ ಹೆಸರು, ತಂದೆಯ ಹೆಸರು, ಊರು ಹೇಳಿಕೊಟ್ಟಿದ್ದ. ಬಟ್ಟೆ ಸರಿಸಿದರೆ ಮುಖವೇ ಇರಲಿಲ್ಲ. ಮುಖ ಇದ್ದಿದ್ದರೂ ತನಗೆ ಗುರುತು ಸಿಗುತ್ತಿರಲಿಲ್ಲ ಎಂದ. ಹೊರಗೆ ಅಷ್ಟು ಜನ ದನಿಗೆ ಕಾಯುತ್ತಿದ್ದರು, ಟಿ.ವಿ.ಯವರಿದ್ದರು, ಭಾನುವಾರ ಸಭೆಯಿತ್ತು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ನಮ್ಮ ಕಡೆಯವನ ಹೆಸರು ತಾನಾಗಿಯೇ ಬಾಯಿಗೆ ಬಂತಂತೆ.

ಈಗಲೇ ಆಸ್ಪತ್ರೆಗೆ ಫೋನು ಮಾಡು ಎಂದೆ. ಸಭೆ ಮುಗಿಯಲಿ ಎಂದ. ಆ ಹುಡುಗನಿಗೆ ಅಲ್ಲಿ ಯಾರೂ ದಿಕ್ಕಿಲ್ಲ, ಸತ್ತುಗಿತ್ತು ಹೋದರೆ ಏನು ಗತಿ ಎಂದೆ. ಅದಕ್ಕೆ ಅವನು ಹೇಳಿದ ಮಾತು ಸಾಯುವ ತನಕ ನನ್ನ ಕಿವಿ ಬಿಟ್ಟು ಹೋಗುವುದಿಲ್ಲ.

“ಬದುಕಾಂವ ಆದ್ರ ನಾಳಿ ಮಟಾನೂ ಬದುಕಿರ್ತಾನ, ಅಕ್ಕಾ.”

ಡ್ರೈವರ್, ವೈಭವ ಇಬ್ಬರೂ ನೋಡುತ್ತಿದ್ದಂತೆ ಅವನ ಕೆನ್ನೆಗೆ ಬಾರಿಸಿದೆ. ಅವನು ಕನ್ನಡಕ ಸರಿಮಾಡಿಕೊಂಡ, ಅಷ್ಟೇ. ಮೆಹದಿಪಟ್ಟಣಂನಲ್ಲಿ ಇಳಿದವಳೇ ಆಟೊ ಹಿಡಿದು ಆಸ್ಪತ್ರೆಗೆ ಹೋದೆ. ಹೊತ್ತು ಮೀರಿದೆ, ಆ ಮಿಲಿಂದನ ಹತ್ತಿರ ಅವನ ತಾಯಿಯೇ ಬಂದು ಕೂತಿದ್ದಾಳೆ, ನೀನು ಯಾರು ಎಂದು ಗೇಟಿನವನು ಒಳಗೆ ಬಿಡಲಿಲ್ಲ. ಕೈಮುಗಿದೆ, ಜಗಳವಾಡಿದೆ, ಯಾವುದೂ ನಡೆಯಲಿಲ್ಲ. ತಾಯಿ ಬಂದಿದ್ದಾಳೆ ಎಂದ ಮೇಲೆ ಅವನು ಮಿಲಿಂದನೇ ಇರಬಹುದೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಬೆಳಿಗ್ಗೆ ಗೇಟು ತೆಗೆಯುತ್ತಲೇ ವಾರ್ಡಿಗೆ ಹೋದೆ. ಬಾಗಿಲ ಬಳಿ ಗೋಡೆಗೆ ಒರಗಿ ಕಚ್ಚೆ ಸೀರೆಯ ಮುದುಕಿಯೊಬ್ಬಳು ಕೂತಿದ್ದಳು. ಮಿಲಿಂದನ ತಾಯಿ ಸಾವಿತ್ರಿಬಾಯಿ. ಅವಳಿಗೆ ಬರುವಷ್ಟು ಹಿಂದಿಯಲ್ಲಿ, ನನಗೆ ತಿಳಿಯುವಷ್ಟು ಹಿಂದಿಯಲ್ಲಿ ಮಾತಾಡಿದೆವು. ನಿನ್ನೆ ಬಂದು ನೋಡಿದರೆ ಮಂಚದ ಮೇಲಿದ್ದವನು ತನ್ನ ಮಗನಲ್ಲ. ಹಾಗೆಂದು ನರ್ಸಿಗೆ ಹೇಳಿದಳು, ಪೊಲೀಸನಿಗೆ ಹೇಳಿದಳು. ಸಾಹೇಬರು ಸೋಮವಾರ ಬರುತ್ತಾರೆ ಎಂದರಂತೆ. ತನ್ನ ಮಗ ಎಲ್ಲಿ ಎಂದು ಯಾರೂ ಹೇಳಲಿಲ್ಲ. ಇವನಿಗೂ ಯಾರೂ ಇಲ್ಲವಲ್ಲ ಎಂದು ರಾತ್ರಿಯೆಲ್ಲ ಪಕ್ಕದಲ್ಲಿ ಕೂತು, ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದಳು. ನಡುವೆ ಎಚ್ಚರವಾಗಿ ಏನೇನೋ ಕೇಳಿದನಂತೆ. ಕನ್ನಡ ನನಗೆ ತಿಳಿಯಲಿಲ್ಲ ತಾಯಿ, ಹೂಂ ಹೂಂ ಎನ್ನುತ್ತ ಕೈ ಹಿಡಿದುಕೊಂಡೆ ಎಂದಳು. ಬೆಳಕು ಹರಿಯುವ ಮುಂಚೆ ಉಸಿರು ನಿಂತಿತ್ತು.

ಅವಳ ಮಗ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ನಿನ್ನೆ ಅವನ ಮೇಲೆ ಮಣ್ಣು ಎಳೆಯುವುದನ್ನು ನಾನೇ ನೋಡಿದ್ದೆ. ಅದನ್ನು ಅವಳಿಗೆ ಹೇಳಿದೆ. ಅವಳು ನನ್ನ ಸೆರಗು ಹಿಡಿದುಕೊಂಡು ಅಲ್ಲೇ ಕುಸಿದಳು. ಅವಳನ್ನು ನರ್ಸಿನ ಹತ್ತಿರ ಕೂರಿಸಿ ನಾನು ಬೇಗಂಪೇಟೆಗೆ ಹೋದೆ.

ಸಭೆ ನಡೆಯುತ್ತಿದ್ದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಗೋಡೆಯ ಪರದೆಯ ಮೇಲೆ ಸಾಬ ಹೆಣದ ಎದೆಗೆ ಕೈಯಿಟ್ಟು ನಿಂತ ವಿಡಿಯೊ ಓಡುತ್ತಿತ್ತು. ಜನ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ವಿಜಯಕುಮಾರನೇ ಎದ್ದು, ಸಾಬಣ್ಣನ ಬಿಟ್ಟರೆ ಈ ಪಕ್ಷಕ್ಕೆ ಬೇರೆ ಗತಿಯಿಲ್ಲ ಎಂದು ಮೊದಲ ಹಾರ ಹಾಕಿದ. ನಾನು ವೇದಿಕೆಯ ಹಿಂದಿನಿಂದ ಹೋಗಿ ಸಾಬನ ಕಿವಿಯಲ್ಲಿ ಹೇಳಿದೆ: ಹಂಪಯ್ಯ ಇವತ್ತು ಬೆಳಿಗ್ಗೆ ಸತ್ತ, ಈಗ ಬಂದು ಅವನ ಹೆಸರು ಹೇಳು, ಇಲ್ಲದಿದ್ದರೆ ಇದೇ ಮೈಕಿನಲ್ಲಿ ನಾನು ಹೇಳುತ್ತೇನೆ. ಹಾರ ತೆಗೆದಿಟ್ಟು ಎದ್ದು ಬಂದ.

ಶವಾಗಾರದ ಬಾಗಿಲಲ್ಲಿ ಹೆಂಗಸರು ಬರಬಾರದು ಎಂದವನನ್ನು ದೂಡಿ ನಾನೂ ಒಳಗೆ ನುಗ್ಗಿದೆ. ಹಂಪಯ್ಯನ ತಲೆಗೆ ಕಟ್ಟು ಇತ್ತು, ಮುಖ ಮಾತ್ರ ನಿಚ್ಚಳವಾಗಿತ್ತು. ಚಹಾ ಲೋಟ ಹಿಡಿದು ನಿಂತಿರುತ್ತಿದ್ದ ಅದೇ ಮುಖ. ಸಾಬ ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿತು, ಅದನ್ನು ನಾನು ನೋಡಿದ್ದೇನೆ, ಅವನು ಕಲ್ಲಲ್ಲ. ಈಗಲಾದರೂ ಕೂಗುತ್ತಾನೆ ಎಂದುಕೊಂಡೆ. ಅವನು ಪೊಲೀಸನ ಕಡೆ ತಿರುಗಿ, ಈತ ಯಾರೋ ನನಗೆ ಗೊತ್ತಿಲ್ಲ ಎಂದು ತೆಲುಗಿನಲ್ಲಿ ಹೇಳಿ ಹೊರಗೆ ನಡೆದ.

ಥೂ ನಿನ್ನ ಜನ್ಮಕ್ಕೆ ಎಂದು ಅವನ ಬೆನ್ನಿಗೆ ಉಗಿದೆ. ಆಮೇಲೆ ನಾನೇ ಹೆಸರು, ತಂದೆ, ಊರು ಹೇಳಿದೆ. ಪೊಲೀಸ ಬರೆದುಕೊಳ್ಳಲಿಲ್ಲ. ಅಷ್ಟು ದೊಡ್ಡ ಲೀಡರ್ ಗೊತ್ತಿಲ್ಲ ಎಂದ ಮೇಲೆ ಚಹಾ ಮಾರುವವಳ ಮಾತು ಯಾರು ನಂಬುತ್ತಾರೆ? ರಕ್ತಸಂಬಂಧಿಗಳನ್ನು ಕರೆಸು ಎಂದ. ಬಸವಕಿರಣನಿಗೆ ಫೋನು ಮಾಡಿ, ಹಂಪಯ್ಯನ ಅಪ್ಪನನ್ನು ಕರೆದುಕೊಂಡು ಬಾ, ಶಿವದೇವಿಗೆ ಏನೂ ಹೇಳಬೇಡ ಎಂದೆ. ಅವರು ಬಂದು ಗುರುತು ಹೇಳಿದ ಮೇಲೆ ಹೆಣ ಕೊಟ್ಟರು.

ಪೇಪರಿನಲ್ಲಿ ನಾಲ್ಕು ದಿನ ಗದ್ದಲವಾಯಿತು. ಪೊಲೀಸರ ನಿರ್ಲಕ್ಷ್ಯ, ಆಸ್ಪತ್ರೆಯ ನಿರ್ಲಕ್ಷ್ಯ, ಬಡವರ ಹೆಣಕ್ಕೂ ಈ ಊರಿನಲ್ಲಿ ಬೆಲೆಯಿಲ್ಲ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಸಾಬನೇ. ಪೊಲೀಸರು ಕೊಟ್ಟ ಹೆಸರನ್ನೇ ತಾನು ಕೂಗಿದ್ದೆ ಎಂದ, ಜನ ಅದನ್ನೇ ನಂಬಿದರು. ಮೇಯರ್ ಕಡೆಯವರು ಅವನಿಗೆ ಒಂದು ಮಂಡಳಿಯ ಅಧ್ಯಕ್ಷಗಿರಿಯನ್ನೂ ಕೊಟ್ಟಿದ್ದಾರೆ. ಇವತ್ತಿಗೂ ಪಕ್ಷದ ಲೀಡರ್ ಅವನೇ. ಅಡ್ಡಾದಲ್ಲಿ ಯಾರಾದರೂ ಸತ್ತರೆ ಈಗ ಯಾರೂ ಕೂಗುವುದಿಲ್ಲ.

ಹಂಪಯ್ಯನ ಗಾಡಿಯಲ್ಲಿ ಅವನ ಅಪ್ಪನ ಜತೆ ನಾನು ಕೂತು ಹೋದೆ. ಊರಿನಲ್ಲಿ ಅಳಲು ಯಾರಿಗೂ ತೋಚಲಿಲ್ಲ, ಒಮ್ಮೆ ಅತ್ತು ಮುಗಿದ ಸಾವಿಗೆ ಮತ್ತೆ ಹೇಗೆ ಅಳುವುದು? ಸ್ಮಶಾನದಲ್ಲಿ ಪೊಲೀಸರು ಮಿಲಿಂದನನ್ನು ಮೇಲೆ ತೆಗೆಯುತ್ತಿದ್ದರು, ಸಾವಿತ್ರಿಬಾಯಿ ಅಲ್ಲೇ ನಿಂತಿದ್ದಳು. ಶಿವದೇವಿಯನ್ನು ಅಂಗಳಕ್ಕೆ ಕರೆತಂದರು. ಅವಳು ಮುಖ ನೋಡಿದಳು, ಪಾದ ಮುಟ್ಟಿ ನೋಡಿದಳು, ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಯಾವಾಗ ಹೋದರು ಎಂದು ನನ್ನನ್ನು ಕೇಳಿದಳು. ಭಾನುವಾರ ಬೆಳಗಿನ ಜಾವ ಎಂದೆ.

ಅವಳು ಬೆರಳು ಮಡಿಚಿ ದಿನ ಎಣಿಸಿದಳು.

“ಅಂದ್ರ ಶನಿವಾರ ನನ್ನ ಬಳಿ ಒಡದಾಗ ಅವ್ರು ಇದ್ರೇನು, ದೊಡ್ಡವ್ವಾ?”

ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ. “ಇದ್ದನವ್ವಾ,” ಎಂದೆ.

ಅವಳು ಬರಿದಾದ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಮಣಿಕಟ್ಟಿನ ಗಾಯ ಇನ್ನೂ ಹಸಿಯಾಗಿತ್ತು.

“ಗಂಡ ಇದ್ದಾಗನ ಬಳಿ ಒಡಕೊಂಡೆ. ಅದಕ್ಕಽ ಹೋದ್ರು. ನಾನಽ ಕೊಂದೆ.”

ಅಲ್ಲವ್ವಾ, ನೀನಲ್ಲ, ನಿನ್ನ ಕೈಹಿಡಿದು ಒಡೆಸಿದವರು, ನನ್ನ ತಮ್ಮ ಕೊಂದ, ನನ್ನ ಒಡಹುಟ್ಟಿದವನು ಕೊಂದ ಎಂದು ನಾನು ಅವಳ ಗಲ್ಲ ಹಿಡಿದು ಮತ್ತೆ ಮತ್ತೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನೀವಾದರೂ ಹೇಳಿರೇ ಎಂದು ಸುತ್ತ ನಿಂತ ಹೆಂಗಸರ ಕಡೆ ತಿರುಗಿದೆ. ಕಲ್ಲು ತಂದಿದ್ದ ಮುದುಕಿಯೂ ಅವರಲ್ಲಿದ್ದಳು. ಒಬ್ಬಳೂ ಅಲ್ಲ ಎನ್ನಲಿಲ್ಲ.